ಹೆಪ್ಪಲ್ಲ, ಜೋಡಿ

ನಮ್ಮಮ್ಮ ಹಾಲಿಗೆ ಹೆಪ್ಪು ಹಾಕುವಾಗ ಅಳತೆ ಮಾಡಿದ್ದನ್ನು ನಾನು ಒಂದು ದಿನವೂ ಕಂಡವನಲ್ಲ. ಕಾಯಿಸಿ ಆರಿಸಿದ ಹಾಲಿಗೆ ಕಿರುಬೆರಳು ಅದ್ದುವಳು, ಬಿಸಿ ಹದಕ್ಕೆ ಬಂತೇ ಎಂದು ನೋಡುವಳು, ಚಮಚದ ತುದಿಯಲ್ಲಿ ಒಂದಿಷ್ಟು ಮೊಸರು ಎತ್ತಿ ಹಾಲಿಗೆ ಬಿಟ್ಟು ತಟ್ಟೆ ಮುಚ್ಚುವಳು. ಬೇಸಿಗೆಯಲ್ಲಿ ಸ್ವಲ್ಪ ಕಡಿಮೆ, ಚಳಿಯಲ್ಲಿ ಸ್ವಲ್ಪ ಜಾಸ್ತಿ. ಹೆಪ್ಪು ಹೆಚ್ಚಾದ ದಿನ ಮೊಸರು ಬೇಗ ಹುಳಿ ಬರುತ್ತಿತ್ತು, ಕಡಿಮೆಯಾದ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಗಟ್ಟಿಯಾಗುತ್ತಿತ್ತು. ಒಟ್ಟಿನಲ್ಲಿ ಮೊಸರು ಆಗದೆ ಉಳಿದ ದಿನವಿಲ್ಲ.

ಅದೇ ಅಮ್ಮ ಮಿಡಿ ಉಪ್ಪಿನಕಾಯಿ ಹಾಕುವ ದಿನ ಬೇರೆಯೇ ಹೆಂಗಸು. ಅಟ್ಟದಿಂದ ಹಿತ್ತಾಳೆಯ ಪಾವು ಕೆಳಗಿಳಿಯುತ್ತಿತ್ತು. ಮಿಡಿ ಇಷ್ಟು ಸೇರು, ಅದಕ್ಕೆ ಉಪ್ಪು ಇಷ್ಟು ಪಾವು ಎಂದು ಅಳೆದು, ಪಾವಿನ ಬಾಯಿಗೆ ಅಂಗೈ ಸವರಿ ಮಟ್ಟ ಮಾಡಿ ಸುರಿಯುವಳು. ಸಾರಿಗೆ, ಪಲ್ಯಕ್ಕೆ, ಗೊಜ್ಜಿಗೆ ಕೈಯಳತೆಯಲ್ಲೇ ಉಪ್ಪು ಹಾಕುವವಳು ಇಲ್ಲೇಕೆ ಹೀಗೆ ಎಂದು ಒಮ್ಮೆ ಕೇಳಿದೆ. “ಸಾರಿಗೆ ಕಮ್ಮಿ ಆದ್ರೆ ಬಡಿಸೋವಾಗ ಹಾಕ್ಕೋಬಹುದು ಕಣೋ. ಇದು ಜಾಡಿ ಬಾಯಿ ಕಟ್ಟಿದ ಮೇಲೆ ಮುಗೀತು. ಕಮ್ಮಿ ಆದ್ರೆ ಬೂಸು ಬರುತ್ತೆ, ಹೆಚ್ಚಾದ್ರೆ ತಿನ್ನೋಕಾಗಲ್ಲ” ಎಂದಳು. ಅಂದಾಜು ಎಲ್ಲಿಯವರೆಗೆ ನಡೆಯುತ್ತದೆ, ಅಳತೆ ಎಲ್ಲಿಂದ ಶುರುವಾಗಬೇಕು ಎಂಬ ಗೆರೆ ಅವಳಿಗೆ ಗೊತ್ತಿತ್ತು. ಕೈಗುಣ ಎಂದು ನಾವು ಹೊಗಳುವುದರಲ್ಲಿ ಅರ್ಧಪಾಲು ಈ ಗೆರೆಯ ಅರಿವೇ ಎಂದು ನನ್ನ ನಂಬಿಕೆ.

ಇದೆಲ್ಲ ಈಗ ನೆನಪಾಗಲು ಪಕ್ಕದ ಮನೆಯ ಸೊಸೆ ಕಾರಣ. ನಾನು ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಗಾಜಿನ ಬಟ್ಟೆಗೆ ರೆಸಿನ್ ಸವರಿ ಹಾಳೆ ಮಾಡುವುದು, ಅದನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಎಷ್ಟು ಭಾರಕ್ಕೆ ಮುರಿಯುತ್ತದೆಂದು ನೋಡುವುದು, ಇದೇ ನನ್ನ ದಿನಚರಿಯಾಗಿತ್ತು. ಆ ಹುಡುಗಿ ಮನೆಯಲ್ಲೇ ಕೂತು ಮದುವೆ ಹಾರಗಳನ್ನು ರೆಸಿನ್‌ನಲ್ಲಿ ಕೂರಿಸಿಕೊಡುವ ಕೆಲಸ ಹಿಡಿದಿದ್ದಾಳೆ. ಹಾರದ ಹೂಗಳನ್ನು ಸಿಲಿಕಾ ಜೆಲ್‌ನಲ್ಲಿ ಹೂತು ದಿನಗಟ್ಟಲೆ ಒಣಗಿಸಿ, ಅಚ್ಚಿನಲ್ಲಿ ಜೋಡಿಸಿ, ಮೇಲೆ ತಿಳಿಯಾದ ಎಪಾಕ್ಸಿ ಸುರಿದರೆ ಗಾಜಿನೊಳಗೆ ಹೂ ಅರಳಿದಂತೆ ಕಾಣುತ್ತದೆ. ಒಂದು ಸಂಜೆ ಅವಳು ಅಂಥದೊಂದು ಫಲಕ ಹಿಡಿದು ಬಂದಳು. ಕಣ್ಣಲ್ಲಿ ನೀರು. “ಅಂಕಲ್, ಮೂರು ದಿನ ಆಯ್ತು, ಇನ್ನೂ ಉಗುರು ಊರುತ್ತೆ. ಮೇಲೆಲ್ಲ ಜಿಡ್ಡು ಜಿಡ್ಡು. ಇದು ಬೇರೆಯವರ ಮದುವೆ ಹಾರ.”

ಮುಟ್ಟಿ ನೋಡಿದೆ. ರಬ್ಬರಿನಂತಿತ್ತು. ರೆಸಿನ್‌ಗೆ ಅದನ್ನು ಗಟ್ಟಿಮಾಡುವ ಹಾರ್ಡನರನ್ನು ಹೇಗೆ ಬೆರೆಸಿದೆ ಎಂದು ಕೇಳಿದೆ. “ಡಬ್ಬಿ ಮೇಲೆ ಎರಡಕ್ಕೆ ಒಂದು ಅಂತಿತ್ತು. ಅಳೆಯೋ ಕಪ್ಪಿಗಿಂತ ತಕ್ಕಡಿ ವಾಸಿ ಅಂತ 200 ಗ್ರಾಂಗೆ 100 ಗ್ರಾಂ ತೂಗಿದೆ” ಎಂದಳು. ಡಬ್ಬಿ ತರಿಸಿ ಕನ್ನಡಕ ಏರಿಸಿ ಓದಿದೆ. ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ, ಈ ಎರಡಕ್ಕೊಂದು ಎಂಬುದು ಗಾತ್ರದ ಅಳತೆ ಎಂದು ಬರೆದಿತ್ತು. ತೂಕದ ಲೆಕ್ಕ ಎಲ್ಲೂ ಇರಲಿಲ್ಲ. ಅಂಗಡಿಯವರೂ ಅವಳಿಗೆ ಅದನ್ನು ಬಿಡಿಸಿ ಹೇಳಿರಲಿಲ್ಲ. ಹುಡುಗಿ ಶ್ರದ್ಧೆಯಿಂದ ತೂಗಿದ್ದಳು. ತಪ್ಪು ಅನುಪಾತವನ್ನು ತೂಗಿದ್ದಳು, ಅಷ್ಟೆ.

ಗಾತ್ರಕ್ಕೂ ತೂಕಕ್ಕೂ ನಡುವೆ ಸಾಂದ್ರತೆ ಇದೆ. ಅಂಥ ರೆಸಿನ್ ಒಂದು ಮಿಲಿಲೀಟರಿಗೆ ಸುಮಾರು 1.10 ಗ್ರಾಂ ತೂಗುತ್ತದೆ, ಹಾರ್ಡನರ್ 0.95ರ ಆಸುಪಾಸು. ಎರಡು ಅಳತೆ ರೆಸಿನ್ ಎಂದರೆ 2.20 ಗ್ರಾಂ, ಒಂದು ಅಳತೆ ಹಾರ್ಡನರ್ 0.95 ಗ್ರಾಂ. ಭಾಗಿಸಿದರೆ 100 ಗ್ರಾಂ ರೆಸಿನ್‌ಗೆ 43 ಗ್ರಾಂ ಹಾರ್ಡನರ್ ಬರುತ್ತದೆ. ಅವಳು ಹಾಕಿದ್ದು ನೂರಕ್ಕೆ 50. ಬೇಕಾದದ್ದಕ್ಕಿಂತ ಸುಮಾರು ಆರನೇ ಒಂದು ಪಾಲು ಹೆಚ್ಚು. ಆ ಹೆಚ್ಚಿನ ಪಾಲೇ ಜಿಡ್ಡಾಗಿ ಫಲಕದ ಮೇಲೆ ಕೂತಿತ್ತು.

ಈ ಗೊಂದಲ ನಮಗೆ ಹೊಸದೇನಲ್ಲ. ನಮ್ಮ ಹಿರಿಯರ ಕಾಲದಲ್ಲಿ ಅಳತೆಯ ಸೇರು ಬೇರೆ, ತೂಕದ ಸೇರು ಬೇರೆ. ಅಕ್ಕಿ ಅಳೆಯುವ ಸೇರಿಗೂ ಬೆಲ್ಲ ತೂಗುವ ಸೇರಿಗೂ ಹೆಸರೊಂದೇ. ಸಂತೆಗೆ ಹೋದವರು ಯಾವ ಸೇರು ಎಂದು ಮೊದಲು ಕೇಳಿಕೊಳ್ಳುತ್ತಿದ್ದರು. ಚರಕ ಸಂಹಿತೆಯಲ್ಲಿ ಜೇನುತುಪ್ಪ ಮತ್ತು ತುಪ್ಪವನ್ನು ಸಮಪ್ರಮಾಣದಲ್ಲಿ ಬೆರೆಸಿ ತಿನ್ನುವುದನ್ನು ಮಾತ್ರಾವಿರುದ್ಧಕ್ಕೆ ಉದಾಹರಣೆಯಾಗಿ ಕೊಟ್ಟಿದ್ದಾರೆ. ಸಮ ಎಂದರೆ ಯಾವುದರಲ್ಲಿ ಸಮ? ಒಂದು ಚಮಚ ಜೇನು ಒಂದು ಚಮಚ ತುಪ್ಪದ ಒಂದೂವರೆಪಟ್ಟು ತೂಗುತ್ತದೆ. ಚಮಚದಲ್ಲಿ ಸಮವಾದದ್ದು ತಕ್ಕಡಿಯಲ್ಲಿ ಸಮವಲ್ಲ. ಎರಡು ವಸ್ತು ಬೆರೆಸುವ ಮಾತು ಬಂದಾಗಲೆಲ್ಲ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಗಾತ್ರದಲ್ಲೋ, ತೂಕದಲ್ಲೋ?

ಮನೆಮನೆಯಲ್ಲಿರುವ ಆರಾಲ್ಡೈಟ್ ಈ ಪಾಠವನ್ನು ತನ್ನ ಪೆಟ್ಟಿಗೆಯ ಮೇಲೇ ಹೊತ್ತುಕೊಂಡಿದೆ. ಎರಡು ಟ್ಯೂಬಿನಿಂದ ಸಮ ಉದ್ದ ಹಿಂಡಿ ಕಡ್ಡಿಯಲ್ಲಿ ಕಲಸುತ್ತೇವೆ. ಆದರೆ ಅದರ ದೊಡ್ಡ ಪ್ಯಾಕು 1.8 ಕೆ.ಜಿ.ಯದು, ಚಿಕ್ಕದು 180 ಗ್ರಾಂನದು. ದುಂಡಗೆ ಎರಡು ಕೆ.ಜಿ. ಎನ್ನಬಹುದಿತ್ತಲ್ಲ, ಈ 1.8 ಏಕೆ ಎಂದು ನಮ್ಮ ವಿದ್ಯಾರ್ಥಿಗಳನ್ನು ಕೇಳುತ್ತಿದ್ದೆ. ಉತ್ತರ ಇಷ್ಟೇ: 100 ಗ್ರಾಂ ರೆಸಿನ್, 80 ಗ್ರಾಂ ಹಾರ್ಡನರ್. ಹಾರ್ಡನರ್ ಹಗುರ. ಗಾತ್ರದಲ್ಲಿ ಎರಡೂ ಸಮ, ತೂಕದಲ್ಲಿ ನೂರಕ್ಕೆ ಎಂಬತ್ತು. ಆ ಹೆಸರಿನ ಅಂಟು 1946ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೇಳದಲ್ಲಿ ಜನರ ಮುಂದೆ ಬಂತು. ಅದಕ್ಕೂ ಮೊದಲು, 1930ರ ದಶಕದಲ್ಲಿ, ಪಿಯರ್ ಕಾಸ್ತಾನ್ ಎಂಬ ಸ್ವಿಸ್ ರಸಾಯನಶಾಸ್ತ್ರಜ್ಞ ಇಂಥ ರಾಳ ತಯಾರಿಸಿದ್ದು ಕಟ್ಟುಹಲ್ಲಿನ ಕೆಲಸಕ್ಕಾಗಿ. ಹಲ್ಲಿಗೆಂದು ಹುಟ್ಟಿದ್ದು ಇಂದು ವಿಮಾನದ ರೆಕ್ಕೆಯಲ್ಲಿದೆ, ಮೋಟಾರಿನ ಸುರುಳಿಯಲ್ಲಿದೆ, ನಮ್ಮ ಪಕ್ಕದ ಮನೆಯ ಮೇಜಿನ ಮೇಲೂ ಇದೆ.

ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆ ಎಂದರೆ, ಪ್ರತಿ ವರ್ಷ ಹೊಸ ತಂಡಕ್ಕೆ ಅದನ್ನು ಬಿಡಿಸಿ ಹೇಳಲು ನನಗೆ ಒಂದು ತರಗತಿ ಪೂರ್ತಿ ಬೇಕಾಗುತ್ತಿತ್ತು. ಈ ನಂಬಿಕೆ ಹುಟ್ಟಿದ್ದು ಅಡುಗೆಮನೆಯ ಹೆಪ್ಪಿನಿಂದಲೇ ಇರಬೇಕು. ನಾನು ಹೇಳುತ್ತಿದ್ದೆ: ಎಪಾಕ್ಸಿಯ ಹಾರ್ಡನರ್ ಹೆಪ್ಪಲ್ಲಪ್ಪ, ಅದು ಜೋಡಿ.

ಕೋಲಾಟ ನೆನಪಿಸಿಕೊಳ್ಳಿ. ಒಬ್ಬರ ಕೋಲಿಗೆ ಎದುರಿನವರ ಕೋಲು ಸಿಗಬೇಕು. ಎಪಾಕ್ಸಿಯ ಅಣುವಿಗೆ ಎರಡು ತುದಿಗಳಲ್ಲಿ ಎರಡು ಕೈ. ನಮ್ಮ ಪ್ರಯೋಗಾಲಯಗಳಲ್ಲಿ ಬಳಸುವ ಹಾರ್ಡನರ್ ಟ್ರೈಎಥಿಲೀನ್‌ಟೆಟ್ರಮೀನ್ ಎಂಬ ವಸ್ತು. ಅದರ ಅಣುವಿನ ತೂಕ 146, ಅದಕ್ಕೆ ಆರು ಕೈ. ಅಂದರೆ ಒಂದು ಕೈಗೆ 24ಕ್ಕಿಂತ ತುಸು ಹೆಚ್ಚು. ಮಾರುಕಟ್ಟೆಯ ದ್ರವ ಎಪಾಕ್ಸಿಯಲ್ಲಿ ಒಂದು ಕೈಗೆ ಸುಮಾರು 190 ತೂಕ. ಇದನ್ನೇ ಎಪಾಕ್ಸಿ ಈಕ್ವಿವಲೆಂಟ್ ತೂಕ ಎನ್ನುತ್ತಾರೆ. 190 ಗ್ರಾಂ ರೆಸಿನ್‌ನಲ್ಲಿ ಎಷ್ಟು ಕೈಗಳಿವೆಯೋ 24 ಗ್ರಾಂ ಹಾರ್ಡನರ್‌ನಲ್ಲೂ ಅಷ್ಟೇ ಇವೆ. ನೂರಕ್ಕೆ ಇಳಿಸಿದರೆ 13ರ ಹತ್ತಿರ ಬರುತ್ತದೆ. ಪ್ರಯೋಗಾಲಯದಲ್ಲಿ ಆ ಜೋಡಿಗೆ ನೂರಕ್ಕೆ 10ರಿಂದ 12 ಹಾಕುವುದು ರೂಢಿ. ಕಾಗದದ ಲೆಕ್ಕ ನಮಗೆ ಅನುಪಾತ ಎಲ್ಲಿಂದ ಬಂತೆಂದು ತೋರಿಸುತ್ತದೆ. ಎಷ್ಟು ಹಾಕಬೇಕೆಂದು ಹೇಳುವುದು ತಯಾರಕರು ಪರೀಕ್ಷಿಸಿ ಕೊಟ್ಟ ಅಂಕಿ.

ಹಾರ್ಡನರ್ ಹೆಚ್ಚಾದರೆ ಏನಾಗುತ್ತದೆ? ಜೋಡಿ ಸಿಗದ ಕೈಗಳು ಹಾಗೇ ಉಳಿಯುತ್ತವೆ. ಬಲೆ ಸಡಿಲವಾಗುತ್ತದೆ, ಮೇಲೆ ಜಿಡ್ಡು ಬರುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ, ಉಳಿದ ಅಮೀನ್ ಚರ್ಮಕ್ಕೆ ತಾಗಿದರೆ ತುರಿಕೆ ಎಬ್ಬಿಸುತ್ತದೆ. ಕಡಿಮೆಯಾದರೆ ರೆಸಿನ್ ಕೈಗಳು ಕಾಯುತ್ತಾ ಕೂರುತ್ತವೆ, ಅಂಟು ಅಂಟಾಗಿಯೇ ಉಳಿಯುತ್ತದೆ. ಎರಡಕ್ಕೂ ಆಮೇಲೆ ಮದ್ದಿಲ್ಲ. ಬಿಸಿಲಿಗಿಟ್ಟರೂ ಇಲ್ಲ, ವಾರ ಕಾದರೂ ಇಲ್ಲ. ಜಾಡಿ ಬಾಯಿ ಕಟ್ಟಿದ ಮೇಲೆ ಮುಗೀತು ಎಂದು ಅಮ್ಮ ಹೇಳಿದ್ದು ಇದನ್ನೇ.

ಹಾಗಾದರೆ ಹೆಪ್ಪಿನಂಥ ರೆಸಿನ್ ಇಲ್ಲವೇ? ಇದೆ. ಮಲ್ಪೆಯ ಕಡೆ ಫೈಬರ್ ದೋಣಿ ಮಾಡುವ ಶೆಡ್ಡೊಂದಕ್ಕೆ ಒಮ್ಮೆ ಹೋಗಿದ್ದೆ. ಅಲ್ಲಿ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದರೊಳಗೆ ಜೋಡಿ ಆಗಲೇ ಕೂಡಿರುತ್ತದೆ. ಪಾಲಿಯೆಸ್ಟರ್ ಸರಪಳಿಗಳೂ ಇವೆ, ಅವನ್ನು ಬೆಸೆಯುವ ಸ್ಟೈರೀನೂ ಇದೆ. ಹೊರಗಿನಿಂದ ಬೇಕಾದದ್ದು ಕಿಡಿ ಮಾತ್ರ. ಒಂದು ಕೆ.ಜಿ. ರೆಸಿನ್‌ಗೆ 10ರಿಂದ 20 ಗ್ರಾಂ ಕ್ಯಾಟಲಿಸ್ಟ್, ಅಂದರೆ ಎಂಇಕೆಪಿ. ಏಪ್ರಿಲ್ ಮಧ್ಯಾಹ್ನ ಕಡಿಮೆ ಹಾಕುತ್ತೇವೆ, ಮಳೆಗಾಲದಲ್ಲಿ ಹೆಚ್ಚು ಎಂದರು ಅಲ್ಲಿನ ಹಿರಿಯ ಕೆಲಸಗಾರರು. ನನಗೆ ಅಮ್ಮನ ಕಿರುಬೆರಳೇ ಕಣ್ಣಿಗೆ ಬಂತು. ಆದರೆ ಅವರೂ ಆ ಹತ್ತು-ಇಪ್ಪತ್ತರ ಬೇಲಿ ದಾಟುವವರಲ್ಲ. ಮೀರಿದರೆ ಬಿಸಿಯೇರಿ ಬಿರುಕು ಬಿಡುತ್ತದೆ. ಅವರು ಇನ್ನೊಂದು ಮಾತನ್ನೂ ಒತ್ತಿ ಹೇಳಿದರು. ಕೋಬಾಲ್ಟ್ ಆಕ್ಸಿಲರೇಟರನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಬೇಕು, ಆಮೇಲೆ ಕ್ಯಾಟಲಿಸ್ಟ್. ಅವೆರಡನ್ನೂ ನೇರವಾಗಿ ಒಂದಕ್ಕೊಂದು ಸೇರಿಸಿದರೆ ಸಿಡಿಯುತ್ತದೆ. ಇದು ಜೀವದ ಪ್ರಶ್ನೆ. ಪಾಲಿಯೆಸ್ಟರ್ ಕೆಲಸ ಕಲಿತವರು ಎಪಾಕ್ಸಿಗೆ ಬಂದಾಗ ಅದೇ ಅಭ್ಯಾಸದಲ್ಲಿ ಹಾರ್ಡನರನ್ನು ಹೆಚ್ಚು ಕಡಿಮೆ ಮಾಡಿ ಕೆಡಿಸುತ್ತಾರೆ. ಮೊದಲು ತಿಳಿಯಬೇಕಾದದ್ದು ಡಬ್ಬಿಯಲ್ಲಿರುವುದು ಹೆಪ್ಪೋ ಜೋಡಿಯೋ ಎಂಬುದು.

ಇನ್ನು ಲೆಕ್ಕ. ಇದಕ್ಕೆ ಬೇಕಾದದ್ದು ತ್ರೈರಾಶಿಯೊಂದೇ. ನಮ್ಮ ನೆಲದಲ್ಲಿ ಅದು ಹಳೆಯ ವಿದ್ಯೆ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ತ್ರೈರಾಶಿಗೂ ಮಿಶ್ರಣದ ಲೆಕ್ಕಗಳಿಗೂ ಬೇರೆಬೇರೆ ಅಧ್ಯಾಯಗಳೇ ಇವೆ. ಬೇರೆಬೇರೆ ಬಣ್ಣದ, ಅಂದರೆ ಬೇರೆಬೇರೆ ಶುದ್ಧತೆಯ ಚಿನ್ನವನ್ನು ಕರಗಿಸಿ ಕೂಡಿಸಿದರೆ ಬರುವ ಶುದ್ಧತೆ ಎಷ್ಟು ಎಂದು ಅಲ್ಲಿ ಲೆಕ್ಕ ಹಾಕಿಸುತ್ತಾರೆ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಅಂಗಡಿಗೂ ಅಕ್ಕಸಾಲೆಗೂ ಬೇಕಾದ ಗಣಿತ ಕನ್ನಡದಲ್ಲಿ ಅಷ್ಟು ಹಿಂದೆಯೇ ಇತ್ತು ಎಂಬುದು ನನಗೆ ಹೆಮ್ಮೆ. ರೆಸಿನ್ ಕಪ್ಪಿನ ಮುಂದೆ ಕೂತವರಿಗೂ ಬೇಕಾದದ್ದು ಅದೇ ಗಣಿತ.

ಡಬ್ಬಿಯ ಮೇಲೆ ತೂಕದಲ್ಲಿ 100ಕ್ಕೆ 30 ಎಂದಿದೆ, ನಮಗೆ ಒಟ್ಟು 200 ಗ್ರಾಂ ಬೇಕು ಎನ್ನೋಣ. ಬಹಳ ಜನ ಇದನ್ನು ಶೇಕಡಾ 30 ಎಂದು ಓದಿ, 200ರಲ್ಲಿ 60 ಗ್ರಾಂ ಹಾರ್ಡನರ್, ಉಳಿದ 140 ರೆಸಿನ್ ಎಂದು ತೂಗುತ್ತಾರೆ. 140ಕ್ಕೆ 60 ಎಂದರೆ ನೂರಕ್ಕೆ 43 ಆಯಿತು. 30 ಇರಬೇಕಾದಲ್ಲಿ 43! ನೂರಕ್ಕೆ ಮೂವತ್ತು ಎಂದರೆ ನೂರು ರೆಸಿನ್‌ನ ಜೊತೆಗೆ ಮೂವತ್ತು, ಒಟ್ಟು 130. ಆ 130ರಲ್ಲಿ ರೆಸಿನ್ 100 ಇದ್ದರೆ 200ರಲ್ಲಿ ಎಷ್ಟು? ನೂರನ್ನು ಇನ್ನೂರರಿಂದ ಗುಣಿಸಿ 130ರಿಂದ ಭಾಗಿಸಿ: 153.8 ಗ್ರಾಂ. ಉಳಿದ 46.2 ಹಾರ್ಡನರ್. ತಾಳೆ ನೋಡಬೇಕೆಂದರೆ 153.8ನ್ನು 0.30ರಿಂದ ಗುಣಿಸಿ, 46ರ ಮೇಲೆ ಸ್ವಲ್ಪ ಬಂದರೆ ಸರಿ.

ಸುರಿಯುವಾಗ ಕೈ ಜಾರುವುದು ಸಹಜ. 150ರಲ್ಲಿ ನಿಲ್ಲಬೇಕಾದ ರೆಸಿನ್ 158ಕ್ಕೆ ಹೋಯಿತು. ಚಮಚ ಹಾಕಿ ತೆಗೆಯಬೇಡಿ. 158ಕ್ಕೆ ಎಷ್ಟು ಬೇಕೋ ಅಷ್ಟು ಹಾರ್ಡನರ್ ಲೆಕ್ಕ ಹಾಕಿ: 47.4. ಕೊನೆಗೆ ಹಾರ್ಡನರೇ ಜಾಸ್ತಿ ಬಿದ್ದರೆ ಲೆಕ್ಕವನ್ನು ತಿರುಗಿಸಿ. 150 ರೆಸಿನ್‌ಗೆ 45 ಹಾಕಬೇಕಿತ್ತು, 48 ಬಿತ್ತು. 48ನ್ನು 0.30ರಿಂದ ಭಾಗಿಸಿದರೆ 160. ಹತ್ತು ಗ್ರಾಂ ರೆಸಿನ್ ಸೇರಿಸಿದರೆ ಜೋಡಿ ಕೂಡಿತು. ಕಲಸುವ ಮೊದಲು ಎಲ್ಲ ತಪ್ಪಿಗೂ ಪರಿಹಾರವಿದೆ. ಹಾಗಾಗಿ ತೂಗುವ ಮೊದಲೇ ಕಪ್ಪಿನ ಮೇಲೆ ಮಾರ್ಕರ್‌ನಿಂದ ಮೂರು ಅಂಕಿ ಬರೆಯಿರಿ: ರೆಸಿನ್ ಎಷ್ಟು, ಹಾರ್ಡನರ್ ಎಷ್ಟು, ಒಟ್ಟು ಎಷ್ಟು. ಕಪ್ಪನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಎರಡನ್ನೂ ಅದೇ ಕಪ್ಪಿಗೆ ಸುರಿಯಿರಿ. ಬೇರೆ ಕಪ್ಪಿನಲ್ಲಿ ತೂಗಿ ಇದಕ್ಕೆ ಬಗ್ಗಿಸಿದರೆ ಆ ಕಪ್ಪಿನ ಗೋಡೆಗೆ ಹತ್ತಿದ್ದು ಅಲ್ಲೇ ಉಳಿಯುತ್ತದೆ.

ತಕ್ಕಡಿಯ ಮಾತು ಬಂತು. ಅಕ್ಕಸಾಲಿಗರು ಚಿನ್ನವನ್ನು ಗುಲಗಂಜಿಯಲ್ಲಿ ತೂಗಿದರು, ಸೌದೆ ತೂಗುವ ತಕ್ಕಡಿಯಲ್ಲಲ್ಲ. ಅಡುಗೆಮನೆಯ ತಕ್ಕಡಿ ಒಂದು ಗ್ರಾಂವರೆಗೆ ಮಾತ್ರ ತೋರಿಸುತ್ತದೆ. ಅದರೊಳಗೆ ಅರ್ಧ ಗ್ರಾಂ ಆಚೀಚೆ ಇರಬಹುದು. ನೂರಕ್ಕೆ ಹತ್ತರ ಜೋಡಿಯಲ್ಲಿ 100 ಗ್ರಾಂ ರೆಸಿನ್‌ಗೆ ಹಾರ್ಡನರ್ 10 ಗ್ರಾಂ. ಅರ್ಧ ಗ್ರಾಂ ತಪ್ಪಿದರೆ ಶೇಕಡಾ 5ರಷ್ಟು ವ್ಯತ್ಯಾಸ. ಅದೇ 20 ಗ್ರಾಂ ರೆಸಿನ್‌ಗೆ 2 ಗ್ರಾಂ ಹಾರ್ಡನರ್ ಹಾಕುವಾಗ ಅದೇ ಅರ್ಧ ಗ್ರಾಂ ಶೇಕಡಾ 25 ಆಗುತ್ತದೆ. ಬೆರಕೆ ಚಿಕ್ಕದಾದಷ್ಟೂ ತಕ್ಕಡಿ ಸೂಕ್ಷ್ಮವಾಗಿರಬೇಕು. ಹತ್ತನೇ ಒಂದು ಗ್ರಾಂ ತೋರಿಸುವ ತಕ್ಕಡಿ ಒಂದು ಹಾಳಾದ ಹಾರಕ್ಕಿಂತ ಎಷ್ಟೋ ಅಗ್ಗ.

ಬಣ್ಣ, ಅಮೃತಶಿಲೆಯ ಪುಡಿ, ಮರದ ಹೊಟ್ಟು ಇಂಥವು ಸೇರಿದಾಗ ಲೆಕ್ಕ ತಪ್ಪುವುದುಂಟು. ಪುಡಿಗೆ ಕೈಗಳಿಲ್ಲ. 100 ಗ್ರಾಂ ರೆಸಿನ್‌ಗೆ 50 ಗ್ರಾಂ ಪುಡಿ ಕಲಸಿಟ್ಟಿದ್ದರೆ, ಹಾರ್ಡನರ್ ಆ ನೂರಕ್ಕೆ ಮಾತ್ರ, ನೂರೈವತ್ತಕ್ಕಲ್ಲ. ತಯಾರಕರೇ ಪುಡಿ ಬೆರೆಸಿ ಮಾರಿದ ರೆಸಿನ್ ಆದರೆ ಅವರ ಅಂಕಿ ಪುಡಿಯನ್ನೂ ಲೆಕ್ಕಕ್ಕೆ ಹಿಡಿದಿರುತ್ತದೆ.

ತೂಕ ಸರಿಯಾದ ಮೇಲೂ ಕೆಲಸ ಕೆಡುವ ದಾರಿ ಎರಡಿವೆ. ಒಂದು, ಕಲಸುವುದರಲ್ಲಿ ಅವಸರ. ತಳ, ಅಂಚು ಕೆರೆದು ಕೆರೆದು ಮೂರು ನಿಮಿಷವಾದರೂ ಕಲಸಬೇಕು. ಆಮೇಲೆ ಇನ್ನೊಂದು ಒಣ ಕಪ್ಪಿಗೆ ಬಗ್ಗಿಸಿ ಮತ್ತೊಮ್ಮೆ ಕಲಸಿದರೆ ಗೋಡೆಗಂಟಿದ ಕಲಸದ ಪಾಲು ಹಿಂದೆ ಉಳಿಯುತ್ತದೆ. ಇನ್ನೊಂದು, ಬಿಸಿ. ಜೋಡಿ ಕೂಡುವಾಗ ಶಾಖ ಹುಟ್ಟುತ್ತದೆ. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿದರೆ ಅದು ಗಾಳಿಗೆ ಹೋಗುತ್ತದೆ, ಆಳದ ಕಪ್ಪಿನಲ್ಲಿ ಒಳಗೇ ಕುದಿಯುತ್ತದೆ. ಒಂದು ವರ್ಷ ನಮ್ಮ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಅರ್ಧ ಕೆ.ಜಿ. ಬೆರೆಸಿ ಬಕೆಟ್ಟಿನಲ್ಲೇ ಬಿಟ್ಟು ಚಹಾಕ್ಕೆ ಹೋದರು. ಮರಳುವ ಹೊತ್ತಿಗೆ ಹೊಗೆ, ಕರಗಿದ ಪ್ಲಾಸ್ಟಿಕ್, ಕಣ್ಣುರಿ. ಅಂದಿನಿಂದ ದೊಡ್ಡ ಬೆರಕೆಯನ್ನು ಎರಡು ಸಲ ಮಾಡುವ ನಿಯಮ ತಂದೆ. ಕೈಗೆ ಗ್ಲೌಸ್, ಕಿಟಕಿ ತೆರೆದಿರಬೇಕು ಎಂಬ ಎರಡು ನಿಯಮಗಳು ಅದಕ್ಕೂ ಮೊದಲಿನವು.

ಪಕ್ಕದ ಮನೆಯ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಆ ಹಾರ ಉಳಿಯಲಿಲ್ಲ. ಮದುಮಗಳ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಾ ಎಂದೆ. ಹೋಗಿ ಬಂದಳು. ಮದುಮಗನ ಹಾರ ಅವರ ಮನೆಯಲ್ಲಿ ಒಣಗಿ ಹಾಗೇ ಇತ್ತು. ಅದನ್ನು ಕೊಟ್ಟು ಕಳಿಸಿದರು. ತಯಾರಕರಿಗೆ ಫೋನು ಮಾಡಿ ತೂಕದ ಅನುಪಾತ ಕೇಳಿ ತಿಳಿದುಕೊಂಡಳು, ನೂರಕ್ಕೆ 43 ಎಂದೇ ಹೇಳಿದರು. ಈ ಸಲ ಮೊದಲು 20 ಗ್ರಾಂ ಬೆರೆಸಿ ಎರಡು ದಿನ ಕಾದಳು, ಉಗುರು ಊರಿ ನೋಡಿದಳು, ಆಮೇಲಷ್ಟೇ ಹಾರದ ಮೇಲೆ ಸುರಿದಳು. ನಾನು ಪಕ್ಕದಲ್ಲಿ ಕೂತು ನೋಡಿದೆ. ಕಪ್ಪಿನ ಮೇಲೆ ಮೂರು ಅಂಕಿ ಬರೆದಿತ್ತು.

ಈ ಕೆಲಸಕ್ಕೆ ಕೈ ಹಾಕಿರುವ ಎಲ್ಲರಲ್ಲೂ ನನ್ನ ಕೋರಿಕೆ ಇದು. ಡಬ್ಬಿಯ ಅನುಪಾತ ಗಾತ್ರದ್ದೋ ತೂಕದ್ದೋ ಎಂದು ಓದಿ; ತೂಕದ್ದು ಬರೆದಿಲ್ಲವಾದರೆ ಕೇಳಿ ಪಡೆಯಿರಿ, ಅದು ಕೊಂಡವರ ಹಕ್ಕು. ಹೊಸ ಡಬ್ಬಿ ತಂದಾಗಲೆಲ್ಲ ಮೊದಲು 20 ಗ್ರಾಂ ಬೆರೆಸಿ ನೋಡಿ. ಸಾರಿನ ಉಪ್ಪಿಗೆ ನಿಮ್ಮ ಕೈಯಳತೆ ಸಾಕು, ಅದನ್ನು ಬಿಡಬೇಡಿ. ಬೆರೆಸಿದ ಮೇಲೆ ತಿದ್ದಲಾಗದ್ದನ್ನು ಮಾತ್ರ ತೂಗಿಯೇ ಬೆರೆಸಿ.